ಮಾರ್ಕ್‌ಡೌನ್

ಮಾರ್ಕ್‌ಡೌನ್ ಎಂಬುದು ಸರಳ ಪಠ್ಯಕ್ಕೆ ಶೀರ್ಷಿಕೆ, ಪಟ್ಟಿ, ಕೊಂಡಿ, ದಪ್ಪಕ್ಷರ ಮೊದಲಾದ ರೂಪವಿನ್ಯಾಸವನ್ನು ನೀಡಲು ಬಳಸುವ ಹಗುರ ಗುರುತುಭಾಷೆ. ಅಮೆರಿಕದ ಲೇಖಕ ಜಾನ್ ಗ್ರೂಬರ್ ಇದನ್ನು 2004ರಲ್ಲಿ ಪ್ರಕಟಿಸಿದರು. ಇದರ ವಾಕ್ಯರಚನೆಯನ್ನು ರೂಪಿಸುವಲ್ಲಿ ಆರನ್ ಸ್ವಾರ್ಟ್ಸ್ ಅವರೂ ಭಾಗಿಯಾಗಿದ್ದರು. ನಕ್ಷತ್ರ ಚಿಹ್ನೆ, ಅಡಿಗೆರೆ, ಹ್ಯಾಶ್ ಮುಂತಾದ ಕೀಲಿಮಣೆಯ ಸಾಮಾನ್ಯ ಚಿಹ್ನೆಗಳನ್ನು ಪಠ್ಯದ ನಡುವೆ ಬರೆದರೆ, ಪರಿವರ್ತಕ ತಂತ್ರಾಂಶವೊಂದು ಅವನ್ನು ಓದಿ ಜಾಲಪುಟಕ್ಕೆ ಬೇಕಾದ ಎಚ್‌ಟಿಎಂಎಲ್ ಆಗಿ ಮಾರ್ಪಡಿಸುತ್ತದೆ. ಗುರುತು ಹಾಕುವ ಕ್ರಿಯೆಗೆ ಇಂಗ್ಲಿಷಿನಲ್ಲಿರುವ ‘ಮಾರ್ಕಪ್’ ಎಂಬ ಪದದ ‘ಅಪ್’ ಅನ್ನು ‘ಡೌನ್’ ಮಾಡಿದ ಶ್ಲೇಷೆಯೇ ಇದರ ಹೆಸರು.

ಪ್ರಶ್ನೋತ್ತರ ತಾಣಗಳು, ಚರ್ಚಾವೇದಿಕೆಗಳು, ತಂತ್ರಾಂಶಗಳ ಕೈಪಿಡಿಗಳು, ಟಿಪ್ಪಣಿ ಆ್ಯಪ್‌ಗಳು ಮುಂತಾಗಿ ಇಂದು ಇದರ ಬಳಕೆ ಬಹಳ ವ್ಯಾಪಕವಾಗಿದೆ. ಆದರೆ ಮಾರ್ಕ್‌ಡೌನ್ ಎಂಬ ಒಂದೇ ಭಾಷೆ ಇದೆ ಎನ್ನುವುದಕ್ಕಿಂತ, ಅದೇ ಹೆಸರಿನ ಅನೇಕ ಉಪಭಾಷೆಗಳಿವೆ ಎನ್ನುವುದು ಹೆಚ್ಚು ಸರಿ. ಒಂದು ತಾಣದಲ್ಲಿ ಅಚ್ಚುಕಟ್ಟಾಗಿ ಕಾಣುವ ಬರಹ ಇನ್ನೊಂದರಲ್ಲಿ ಸಾಲುಗಳು ಕಲಸಿಹೋಗಿ, ಪಟ್ಟಿಗಳು ಮುರಿದು ಕಾಣಿಸುವುದಕ್ಕೆ ಇದೇ ಕಾರಣ.

ಹಿನ್ನೆಲೆ

ಅಕ್ಷರಗಳನ್ನು ದಪ್ಪವಾಗಿಸುವ, ಓರೆಯಾಗಿಸುವ ಸೌಕರ್ಯವಿಲ್ಲದಿದ್ದ ಕಾಲದ ಮಿಂಚಂಚೆ ಮತ್ತು ಯೂಸ್‌ನೆಟ್ ಗುಂಪುಗಳಲ್ಲಿ ಬರೆಯುವವರು ತಮ್ಮದೇ ಸಂಪ್ರದಾಯಗಳನ್ನು ಬೆಳೆಸಿಕೊಂಡಿದ್ದರು. ಒತ್ತಿ ಹೇಳಬೇಕಾದ ಪದದ ಎರಡೂ ಬದಿಗೆ ನಕ್ಷತ್ರ ಹಾಕುವುದು, ಶೀರ್ಷಿಕೆಯ ಕೆಳಗೆ ಸಮಚಿಹ್ನೆಗಳ ಸಾಲೆಳೆಯುವುದು, ಬೇರೊಬ್ಬರ ಮಾತನ್ನು ಉದ್ಧರಿಸುವಾಗ ಪ್ರತಿ ಸಾಲಿನ ಮೊದಲಿಗೆ > ಎಂದು ಬರೆಯುವುದು ಇವೆಲ್ಲ ಯಾರೂ ಶಾಸನ ಮಾಡದೆ ಚಾಲ್ತಿಗೆ ಬಂದ ರೂಢಿಗಳು. ಇಂತಹ ರೂಢಿಗಳನ್ನು ನಿಯಮಬದ್ಧಗೊಳಿಸುವ ಪ್ರಯತ್ನಗಳಲ್ಲಿ 1990ರ ದಶಕದ ಆರಂಭದ ಸೆಟೆಕ್ಸ್ಟ್ ಹಳೆಯದು. ಡೀನ್ ಆ್ಯಲನ್ ಅವರ ಟೆಕ್ಸ್‌ಟೈಲ್, ಸ್ವಾರ್ಟ್ಸ್ ಅವರೇ ರೂಪಿಸಿದ್ದ ಎಟಿಎಕ್ಸ್, ಪೈಥಾನ್ ಬಳಗದಲ್ಲಿ ನೆಲೆಗೊಂಡ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಇವೆಲ್ಲವೂ ಮಾರ್ಕ್‌ಡೌನ್‌ಗಿಂತ ಹಿಂದಿನವು. ಇನ್ನೊಂದು ಕಡೆ ಚರ್ಚಾವೇದಿಕೆಗಳಲ್ಲಿ ಬಿಬಿಕೋಡ್ ಬಳಕೆಯಲ್ಲಿತ್ತು. ಇದು ಎಚ್‌ಟಿಎಂಎಲ್‌ನ ಕೋನಾವರಣಗಳ ಬದಲಿಗೆ ಚೌಕಾವರಣಗಳನ್ನು ಬಳಸುವ ಭಾಷೆ. ಆರಂಭದ ಮತ್ತು ಅಂತ್ಯದ ಗುರುತುಗಳೆರಡನ್ನೂ ಅಕ್ಷರಗಳಲ್ಲಿ ಬರೆಯಬೇಕಾದ್ದರಿಂದ ಬಿಬಿಕೋಡ್‌ನ ಮೂಲಪಠ್ಯವನ್ನು ಹಾಗೆಯೇ ಓದುವುದು ಪ್ರಯಾಸಕರ.

ಗ್ರೂಬರ್ ಮುಂದಿಟ್ಟ ಧ್ಯೇಯ ಓದಿನ ಸೌಲಭ್ಯಕ್ಕೆ ಸಂಬಂಧಿಸಿದ್ದು. ಪರಿವರ್ತನೆಗೆ ಒಳಗಾಗದ ಮೂಲಪಠ್ಯವೂ ಓದುಗನಿಗೆ ಸರಳ ಪಠ್ಯದಂತೆಯೇ ಕಾಣಬೇಕು. ಅದರಲ್ಲಿ ಗುರುತುಗಳನ್ನು ತುರುಕಿದಂತೆ ಅನ್ನಿಸಬಾರದು. ಮಾರ್ಕ್‌ಡೌನ್‌ನ ಬಹುತೇಕ ಎಲ್ಲ ಗುಣಗಳೂ, ಅಷ್ಟೇ ಮಟ್ಟಿಗೆ ಅದರ ದೋಷಗಳೂ, ಈ ಒಂದು ನಿಲುವಿನಿಂದ ಹುಟ್ಟಿವೆ. ಪರಿವರ್ತಕವನ್ನು ಅವರು ಪರ್ಲ್ ಭಾಷೆಯಲ್ಲಿ ಬರೆದು 2004ರ ಮಾರ್ಚ್‌ನಲ್ಲಿ ತಮ್ಮ ಡೇರಿಂಗ್ ಫೈರ್‌ಬಾಲ್ ತಾಣದಲ್ಲಿ ಪರಿಚಯಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ 1.0.1 ಆವೃತ್ತಿ ಹೊರಬಂದಿತು. ಅನಂತರ ಅವರಿಂದ ಬೇರೆ ಸ್ಥಿರ ಆವೃತ್ತಿ ಬರಲಿಲ್ಲ.

ರಚನೆ

ಮೂಲ ಮಾರ್ಕ್‌ಡೌನ್‌ನ ನಿಯಮಗಳು ಕೆಲವೇ ಪುಟಗಳಷ್ಟು. ಸಾಲಿನ ಆರಂಭದಲ್ಲಿ ಒಂದು ಹ್ಯಾಶ್ ಇದ್ದರೆ ಅದು ಮೊದಲ ಹಂತದ ಶೀರ್ಷಿಕೆ, ಎರಡಿದ್ದರೆ ಎರಡನೆಯ ಹಂತದ್ದು, ಹೀಗೆ ಆರರವರೆಗೆ. ಪದದ ಎರಡು ಬದಿಗೆ ಒಂದೊಂದು ನಕ್ಷತ್ರವಿದ್ದರೆ ಓರೆ ಅಕ್ಷರ, ಎರಡೆರಡಿದ್ದರೆ ದಪ್ಪಕ್ಷರ. ಅಡಿಗೆರೆಗೂ ಇದೇ ಕ್ರಮ. ಕೊಂಡಿಯನ್ನು ಬರೆಯುವಾಗ ಕಾಣಬೇಕಾದ ಪಠ್ಯವನ್ನು ಚೌಕಾವರಣದಲ್ಲಿಯೂ ವಿಳಾಸವನ್ನು ಅದಕ್ಕೆ ತಾಗಿದಂತೆ ದುಂಡಾವರಣದಲ್ಲಿಯೂ ಇಡಬೇಕು. ಅದರ ಮುಂದೆ ಆಶ್ಚರ್ಯಸೂಚಕ ಚಿಹ್ನೆಯಿದ್ದರೆ ಅದು ಚಿತ್ರವೆಂದು ಅರ್ಥ.

# ಮೊದಲ ಹಂತದ ಶೀರ್ಷಿಕೆ
*ಓರೆ ಅಕ್ಷರ*, **ದಪ್ಪಕ್ಷರ**
> ಉದ್ಧರಿಸಿದ ಮಾತು
- ಪಟ್ಟಿಯ ಅಂಶ
1. ಸಂಖ್ಯಾಪಟ್ಟಿಯ ಅಂಶ
[ಕೊಂಡಿಯ ಪಠ್ಯ](ವಿಳಾಸ)

ಹೊಸಬರನ್ನು ಕಾಡುವುದು ಚಿಹ್ನೆಗಳಲ್ಲ, ಕಣ್ಣಿಗೆ ಕಾಣದ ಖಾಲಿ ಜಾಗಗಳು. ಒಂದು ಸಾಲು ಮುಗಿಸಿ ಎಂಟರ್ ಕೀಲಿಯನ್ನು ಒಮ್ಮೆ ಒತ್ತಿದರೆ ಮಾರ್ಕ್‌ಡೌನ್ ಅದನ್ನು ಹೊಸ ಸಾಲೆಂದು ಪರಿಗಣಿಸುವುದಿಲ್ಲ. ಎರಡೂ ಸಾಲುಗಳು ಕೂಡಿ ಒಂದೇ ಪರಿಚ್ಛೇದವಾಗುತ್ತವೆ. ನಡುವೆ ಪೂರ್ತಿ ಖಾಲಿ ಸಾಲೊಂದನ್ನು ಬಿಟ್ಟರೆ ಮಾತ್ರ ಹೊಸ ಪರಿಚ್ಛೇದ. ಮಿಂಚಂಚೆಯಲ್ಲಿ ಎಪ್ಪತ್ತೆಂಬತ್ತು ಅಕ್ಷರಗಳಿಗೊಮ್ಮೆ ಸಾಲು ಮುರಿಯುವ ರೂಢಿ ಇದ್ದುದರಿಂದ ಈ ನಿಯಮ ಆಗ ಸಹಜವಾಗಿಯೇ ಇತ್ತು. ಗದ್ಯಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ವಚನ, ಕವಿತೆ, ವಿಳಾಸ, ಅಡುಗೆಯ ಸಾಮಗ್ರಿಗಳ ಪಟ್ಟಿ ಮುಂತಾದ, ಸಾಲುವಿಭಾಗವೇ ಅರ್ಥದ ಭಾಗವಾಗಿರುವ ಬರಹಗಳು ಇದರಿಂದ ಕೆಡುತ್ತವೆ. ನಾಲ್ಕು ಸಾಲಿನ ಪದ್ಯ ಒಂದೇ ಉದ್ದನೆಯ ವಾಕ್ಯವಾಗಿ ಪ್ರಕಟವಾಗುತ್ತದೆ. ಸಾಲನ್ನು ಮುರಿಯಲೇಬೇಕಾದರೆ ಸಾಲಿನ ಕೊನೆಯಲ್ಲಿ ಎರಡು ಖಾಲಿ ಜಾಗಗಳನ್ನು ಬಿಡಬೇಕೆಂಬುದು ಮೂಲ ನಿಯಮ. ಕಾಣದ ಚಿಹ್ನೆಗೆ ಅರ್ಥ ಕೊಟ್ಟ ಈ ಏರ್ಪಾಡು ಮೂಲಪಠ್ಯವೂ ಸುಲಭವಾಗಿ ಓದುವಂತಿರಬೇಕೆಂಬ ಧ್ಯೇಯಕ್ಕೇ ವಿರುದ್ಧವಾದುದು. ಅಲ್ಲದೆ ಸಾಲಿನ ಕೊನೆಯ ಖಾಲಿ ಜಾಗಗಳನ್ನು ತಾವಾಗಿಯೇ ಅಳಿಸಿಹಾಕುವ ಸಂಪಾದಕ ತಂತ್ರಾಂಶಗಳು ಅನೇಕ ಇವೆ. ಕಾಮನ್‌ಮಾರ್ಕ್‌ನಲ್ಲಿ ಸಾಲಿನ ಕೊನೆಗೆ ಹಿಮ್ಮುಖ ಓರೆಗೆರೆಯೊಂದನ್ನು ಬರೆದೂ ಸಾಲು ಮುರಿಯಬಹುದು. ಗಿಟ್‌ಹಬ್ ತಾಣದ ಟಿಪ್ಪಣಿಗಳಲ್ಲಿ ಒಂದು ಎಂಟರ್ ಸಾಕು. ಆದರೆ ಅದೇ ತಾಣದ ಮಾರ್ಕ್‌ಡೌನ್ ಕಡತಗಳಲ್ಲಿ ಸಾಲದು.

ಸಾಲಿನ ಮೊದಲಿಗೆ ಬಿಡುವ ಜಾಗಕ್ಕೂ ಅರ್ಥವಿದೆ. ನಾಲ್ಕು ಅಥವಾ ಹೆಚ್ಚು ಖಾಲಿ ಜಾಗಗಳಿಂದ ಆರಂಭವಾಗುವ ಪರಿಚ್ಛೇದವನ್ನು ಮಾರ್ಕ್‌ಡೌನ್ ಕ್ರಮವಿಧಿಯ ಸಂಕೇತವೆಂದು ತಿಳಿದು, ಸಮಾನ ಅಗಲದ ಅಕ್ಷರಗಳಲ್ಲಿ, ಸಾಮಾನ್ಯವಾಗಿ ಬೂದು ಚೌಕದೊಳಗೆ ತೋರಿಸುತ್ತದೆ. ಮುದ್ರಿತ ಪುಸ್ತಕಗಳಂತೆ ಪರಿಚ್ಛೇದದ ಮೊದಲ ಸಾಲನ್ನು ಒಳಕ್ಕೆ ಸರಿಸಿ ಬರೆಯುವ ಅಭ್ಯಾಸವಿರುವವರ ಬರಹ ಹೀಗೆ ಚೌಕದೊಳಗೆ ಸಿಕ್ಕಿಕೊಳ್ಳುವುದುಂಟು. ಉಪಪಟ್ಟಿಗಳಲ್ಲಿಯೂ ಇದೇ ತೊಡಕು. ಒಳಗಿನ ಅಂಶವನ್ನು ಎರಡು ಜಾಗ ಸರಿಸಬೇಕೋ ನಾಲ್ಕು ಜಾಗ ಸರಿಸಬೇಕೋ ಎಂಬುದರಲ್ಲಿ ಪರಿವರ್ತಕಗಳಿಗೆ ಏಕಾಭಿಪ್ರಾಯವಿರಲಿಲ್ಲ. ಮೇಲಿನ ಅಂಶದ ಪಠ್ಯ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಯವರೆಗೆ ಸರಿಸಬೇಕೆಂದು ಕಾಮನ್‌ಮಾರ್ಕ್ ಮುಂದೆ ಗೊತ್ತುಮಾಡಿತು.

ಸಂಖ್ಯಾಪಟ್ಟಿಯ ವಿಷಯದಲ್ಲಿ ಆಗುವ ಎಡವಟ್ಟು ಇವೆಲ್ಲಕ್ಕಿಂತ ಗಂಭೀರ. ಇಲ್ಲಿ ಕೆಡುವುದು ರೂಪವಲ್ಲ, ವಿಷಯ. ಪರಿಚ್ಛೇದವೊಂದು ‘1956. ರಾಜ್ಯಗಳ ಪುನರ್ವಿಂಗಡಣೆಯ ವರ್ಷ’ ಎಂದು ಆರಂಭವಾದರೆ, ಅಂಕಿಯ ಮುಂದೆ ಚುಕ್ಕಿ ಮತ್ತು ಖಾಲಿ ಜಾಗ ಬಂದಿರುವುದರಿಂದ ಅದು ಪಟ್ಟಿಯ ಅಂಶವೆನಿಸುತ್ತದೆ. ಮೂಲ ಪರಿವರ್ತಕ ಬರೆದ ಅಂಕಿಯನ್ನು ಗಮನಿಸದೆ ಎಲ್ಲ ಪಟ್ಟಿಗಳನ್ನೂ 1ರಿಂದಲೇ ಎಣಿಸುತ್ತಿತ್ತು. ಹಾಗಾಗಿ ಪ್ರಕಟವಾದ ಪುಟದಲ್ಲಿ 1956ರ ಜಾಗದಲ್ಲಿ 1 ಎಂದು ಕಾಣುತ್ತಿತ್ತು. ಕಾಮನ್‌ಮಾರ್ಕ್ ಬರೆದ ಅಂಕಿಯಿಂದಲೇ ಎಣಿಕೆ ಆರಂಭಿಸುತ್ತದೆ. ಎರಡರಲ್ಲಿಯೂ ಚುಕ್ಕಿಯ ಹಿಂದೆ ಹಿಮ್ಮುಖ ಓರೆಗೆರೆ ಹಾಕಿದರೆ ಪಟ್ಟಿಯಾಗುವುದು ತಪ್ಪುತ್ತದೆ. ನಕ್ಷತ್ರ, ಹ್ಯಾಶ್ ಮುಂತಾದ ಚಿಹ್ನೆಗಳನ್ನು ಚಿಹ್ನೆಗಳಾಗಿಯೇ ತೋರಿಸಬೇಕಾದಾಗಲೂ ಇದೇ ಉಪಾಯ.

ಶೀರ್ಷಿಕೆಗೆ ಬದಲಾಗಿ ಇಡೀ ಸಾಲನ್ನು ದಪ್ಪಕ್ಷರದಲ್ಲಿ ಬರೆದುಬಿಡುವುದು ಸಾಮಾನ್ಯ. ಕಣ್ಣಿಗೆ ಎರಡೂ ಒಂದೇ ರೀತಿ ಕಂಡರೂ ಪರಿಣಾಮ ಒಂದೇ ಅಲ್ಲ. ದೃಷ್ಟಿವಿಕಲರು ಬಳಸುವ ಪರದೆವಾಚಕ ತಂತ್ರಾಂಶಗಳು ಪುಟದ ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆಯಲು ಅನುವು ಮಾಡಿಕೊಡುತ್ತವೆ. ದಪ್ಪಕ್ಷರದ ಸಾಲು ಅವುಗಳ ಲೆಕ್ಕಕ್ಕೆ ಶೀರ್ಷಿಕೆಯಲ್ಲ. ಹಾಗೆಯೇ ಚಿತ್ರದ ಚೌಕಾವರಣದೊಳಗೆ ಬರೆಯುವ ವಿವರಣೆಯನ್ನು ಖಾಲಿ ಬಿಟ್ಟರೆ ಅಂತಹ ಓದುಗರಿಗೆ ಚಿತ್ರದಲ್ಲಿ ಏನಿದೆಯೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಉಪಭಾಷೆಗಳು

ಗ್ರೂಬರ್ ಪ್ರಕಟಿಸಿದ ವಿವರಣೆ ಬಳಕೆದಾರರಿಗಾಗಿ ಬರೆದದ್ದು. ಪರಿವರ್ತಕ ಬರೆಯುವವರಿಗೆ ಬೇಕಾದ ನಿಖರತೆ ಅದರಲ್ಲಿ ಇರಲಿಲ್ಲ. ವಿವರಣೆಯಲ್ಲಿ ಉತ್ತರ ಸಿಗದಿದ್ದಾಗ ಪರ್ಲ್ ಕ್ರಮವಿಧಿಯ ವರ್ತನೆಯನ್ನೇ ಪ್ರಮಾಣವೆಂದು ತಿಳಿಯಬೇಕಿತ್ತು. ಆದರೆ ಅದು ಪಠ್ಯದ ಮೇಲೆ ಒಂದರ ನಂತರ ಒಂದರಂತೆ ಹುಡುಕಿ ಬದಲಿಸುವ ಸೂತ್ರಗಳ ಸರಣಿಯಾಗಿತ್ತು. ಗುರುತುಗಳು ಒಂದರೊಳಗೊಂದು ಸೇರಿಕೊಂಡಾಗ ಅದರ ಫಲಿತಾಂಶ ಕೆಲವೊಮ್ಮೆ ಊಹಿಸಲಾಗದಂತೆ ಇರುತ್ತಿತ್ತು. ಆದ್ದರಿಂದ ಪಿಎಚ್‌ಪಿ, ಪೈಥಾನ್, ರೂಬಿ, ಜಾವಾಸ್ಕ್ರಿಪ್ಟ್ ಮುಂತಾದ ಭಾಷೆಗಳಲ್ಲಿ ಪರಿವರ್ತಕ ಬರೆದವರು ಸಂದಿಗ್ಧ ಸ್ಥಳಗಳಲ್ಲಿ ತಮಗೆ ತೋಚಿದ ಅರ್ಥವನ್ನು ಇಟ್ಟುಕೊಂಡರು.

ಕೊರತೆಗಳನ್ನು ತುಂಬಲು ಹೊಸ ನಿಯಮಗಳೂ ಬಂದವು. ಮೂಲದಲ್ಲಿ ಕೋಷ್ಟಕಕ್ಕಾಗಲಿ ಅಡಿಟಿಪ್ಪಣಿಗಾಗಲಿ ವ್ಯವಸ್ಥೆ ಇರಲಿಲ್ಲ. ಮಿಶೆಲ್ ಫೋರ್ಟಿನ್ ಅವರ ಪಿಎಚ್‌ಪಿ ಮಾರ್ಕ್‌ಡೌನ್ ಎಕ್ಸ್‌ಟ್ರಾ ಮತ್ತು ಫ್ಲೆಚರ್ ಪೆನಿ ಅವರ ಮಲ್ಟಿಮಾರ್ಕ್‌ಡೌನ್ ಇವನ್ನು ಸೇರಿಸಿದವು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫರ್ಲೇನ್ ರೂಪಿಸಿದ ಪ್ಯಾಂಡಾಕ್, ಒಂದು ಬಗೆಯ ದಸ್ತಾವೇಜನ್ನು ಇನ್ನೊಂದು ಬಗೆಗೆ ಮಾರ್ಪಡಿಸುವ ಸಾಧನ. ಅದರ ಮಾರ್ಕ್‌ಡೌನ್ ಉಲ್ಲೇಖಗಳನ್ನೂ ಗಣಿತ ಸೂತ್ರಗಳನ್ನೂ ಒಳಗೊಂಡು ವಿದ್ವತ್ ಬರವಣಿಗೆಗೆ ಒದಗುವಂತಿದೆ. ಗಿಟ್‌ಹಬ್‌ನ ಉಪಭಾಷೆಯಲ್ಲಿ ಕೋಷ್ಟಕ, ಹೊಡೆದುಹಾಕಿದ ಪಠ್ಯ, ಗುರುತು ಚೌಕಗಳುಳ್ಳ ಕಾರ್ಯಪಟ್ಟಿ ಇವೆ.

ಒಂದೇ ಚಿಹ್ನೆಗೆ ಬೇರೆ ಬೇರೆ ಅರ್ಥ ಹಚ್ಚಿದ್ದರಿಂದ ಗೊಂದಲ ಮತ್ತಷ್ಟು ಹೆಚ್ಚಿತು. ಒಂಟಿ ನಕ್ಷತ್ರಗಳ ನಡುವಿನ ಪದ ಮಾರ್ಕ್‌ಡೌನ್‌ನಲ್ಲಿ ಓರೆಯಾದರೆ ವಾಟ್ಸ್‌ಆ್ಯಪ್‌ನಲ್ಲಿ ದಪ್ಪವಾಗುತ್ತದೆ. ಜೋಡಿ ಅಡಿಗೆರೆ ಮಾರ್ಕ್‌ಡೌನ್‌ನಲ್ಲಿ ದಪ್ಪಕ್ಷರ, ಟೆಲಿಗ್ರಾಮ್‌ನಲ್ಲಿ ಓರೆ ಅಕ್ಷರ, ಡಿಸ್ಕಾರ್ಡ್‌ನಲ್ಲಿ ಪದದ ಕೆಳಗಿನ ಗೆರೆ. ವಾಟ್ಸ್‌ಆ್ಯಪ್‌ನ ರೂಢಿ ಹಳೆಯ ಮಿಂಚಂಚೆಯ ಸಂಪ್ರದಾಯಕ್ಕೆ ಹತ್ತಿರವಾಗಿರುವುದರಿಂದ ಅದನ್ನು ತಪ್ಪೆನ್ನಲಾಗದು. ಆದರೆ ಅಲ್ಲಿ ಕೈಪಳಗಿದವರು ಬೇರೆಡೆ ಬರೆಯುವಾಗ ಎಡವುವುದು ಸಹಜ.

ಕಾಮನ್‌ಮಾರ್ಕ್

ಸ್ಟ್ಯಾಕ್ ಓವರ್‌ಫ್ಲೋ ತಾಣದ ಸಹಸಂಸ್ಥಾಪಕ ಜೆಫ್ ಆ್ಯಟ್‌ವುಡ್, ಮಾರ್ಕ್‌ಡೌನ್‌ಗೆ ಸಂದಿಗ್ಧವಿಲ್ಲದ ನಿಯಮಾವಳಿ ಬೇಕೆಂದು 2012ರಲ್ಲಿ ಬಹಿರಂಗವಾಗಿ ಕರೆ ಕೊಟ್ಟರು. ಮ್ಯಾಕ್‌ಫರ್ಲೇನ್ ಅವರೊಡನೆ ದೊಡ್ಡ ತಾಣಗಳ ತಂತ್ರಜ್ಞರು ಕೆಲವರು ಸೇರಿ ಸಿದ್ಧಪಡಿಸಿದ ನಿಯಮಾವಳಿ 2014ರ ಸೆಪ್ಟೆಂಬರ್‌ನಲ್ಲಿ ‘ಸ್ಟ್ಯಾಂಡರ್ಡ್ ಮಾರ್ಕ್‌ಡೌನ್’ ಎಂಬ ಹೆಸರಿನಿಂದ ಹೊರಬಂದಿತು. ಗ್ರೂಬರ್ ಈ ಹೆಸರನ್ನು ಆಕ್ಷೇಪಿಸಿದರು. ಅವರ ಪರವಾನಗಿ, ಮೂಲ ತಂತ್ರಾಂಶದಿಂದ ರೂಪಿಸಿದ ಉತ್ಪನ್ನಗಳ ಪ್ರಚಾರಕ್ಕೆ ಅನುಮತಿಯಿಲ್ಲದೆ ಮಾರ್ಕ್‌ಡೌನ್ ಎಂಬ ಹೆಸರನ್ನು ಬಳಸಬಾರದೆಂದು ಹೇಳುತ್ತದೆ. ಬೇರೆ ಬೇರೆ ತಾಣಗಳ ಅಗತ್ಯಗಳು ಬೇರೆಯಾಗಿರುವುದರಿಂದ ಒಂದೇ ವಾಕ್ಯರಚನೆ ಎಲ್ಲರಿಗೂ ಒಪ್ಪಿಗೆಯಾಗಲಾರದೆಂಬುದು ಅವರ ನಿಲುವು. ಯೋಜನೆಯ ಹೆಸರು ಕೆಲವೇ ದಿನಗಳಲ್ಲಿ ಮೊದಲು ‘ಕಾಮನ್ ಮಾರ್ಕ್‌ಡೌನ್’ ಎಂದೂ ಬಳಿಕ ‘ಕಾಮನ್‌ಮಾರ್ಕ್’ ಎಂದೂ ಬದಲಾಯಿತು. ಎರಡೂ ಕಡೆಯ ವಾದಗಳಲ್ಲಿ ತಥ್ಯವಿದೆ. ಹತ್ತು ವರ್ಷ ಮುಟ್ಟದೆ ಬಿಟ್ಟ ವಿವರಣೆಯನ್ನು ಇತರರು ಸರಿಪಡಿಸಲು ಹೊರಟದ್ದು ನ್ಯಾಯವೇ. ಮೂಲಕರ್ತೃವಿನ ಒಪ್ಪಿಗೆಯಿಲ್ಲದೆ ಅದಕ್ಕೆ ‘ಪ್ರಮಾಣಿತ’ವೆಂಬ ಮುದ್ರೆ ಒತ್ತಿದ್ದು ಮಾತ್ರ ಸರಿಯೆನಿಸುವುದಿಲ್ಲ.

ಕಾಮನ್‌ಮಾರ್ಕ್ ನಿಯಮಾವಳಿಯಲ್ಲಿ ಆರುನೂರಕ್ಕೂ ಹೆಚ್ಚು ಉದಾಹರಣೆಗಳಿದ್ದು, ಪ್ರತಿಯೊಂದಕ್ಕೂ ಬರಬೇಕಾದ ಫಲಿತಾಂಶವನ್ನು ಕೊಡಲಾಗಿದೆ. ಪರಿವರ್ತಕಗಳನ್ನು ಇವುಗಳ ಮೇಲೆಯೇ ಪರೀಕ್ಷಿಸಬಹುದು. ಪರಿವರ್ತನೆ ಎರಡು ಹಂತಗಳಲ್ಲಿ ನಡೆಯುತ್ತದೆ: ಮೊದಲು ಪರಿಚ್ಛೇದ, ಪಟ್ಟಿ, ಉದ್ಧರಣೆಗಳಂತಹ ಖಂಡಗಳನ್ನು ಗುರುತಿಸಿ, ಆಮೇಲೆ ಅವುಗಳ ಒಳಗಿನ ಒತ್ತು, ಕೊಂಡಿಗಳನ್ನು ಬಿಡಿಸಲಾಗುತ್ತದೆ. ಗಿಟ್‌ಹಬ್ 2017ರಲ್ಲಿ ತನ್ನ ಉಪಭಾಷೆಯನ್ನು ಇದರ ತಳಹದಿಯ ಮೇಲೆ ವಿಧಿವತ್ತಾಗಿ ವಿವರಿಸಿತು. ನಿಯಮಾವಳಿ ಇನ್ನೂ 1.0 ಆವೃತ್ತಿಯನ್ನು ಮುಟ್ಟಿಲ್ಲ. 2024ರ ಜನವರಿಯಲ್ಲಿ ಬಂದದ್ದು 0.31.2. ಈ ನಡುವೆ 2016ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 7763 ಎಂಬ ದಸ್ತಾವೇಜು ಅಂತರಜಾಲದಲ್ಲಿ ಮಾರ್ಕ್‌ಡೌನ್ ಕಡತಗಳನ್ನು ಗುರುತಿಸುವ ಮಾಧ್ಯಮ ಪ್ರಕಾರವನ್ನು ನೋಂದಾಯಿಸಿತು. ಕಡತ ಯಾವ ಉಪಭಾಷೆಯಲ್ಲಿದೆ ಎಂಬುದನ್ನು ಜೊತೆಗೆ ಸೂಚಿಸಲು ಅದರಲ್ಲಿ ಅವಕಾಶವಿದೆ.

ಕನ್ನಡ ಬರಹದಲ್ಲಿ

ಮಾರ್ಕ್‌ಡೌನ್ ಯುನಿಕೋಡ್ ಪಠ್ಯವನ್ನು ಸ್ವೀಕರಿಸುವುದರಿಂದ ಕನ್ನಡದಲ್ಲಿ ಬರೆಯಲು ಮೂಲಭೂತ ಅಡ್ಡಿಯಿಲ್ಲ. ಆದರೂ ಅದರ ನಿಯಮಗಳು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವು. ಪದ ಮುಗಿದೊಡನೆ ಖಾಲಿ ಜಾಗ ಬರುತ್ತದೆ ಎಂಬ ಎಣಿಕೆ, ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡದಂತಹ ಭಾಷೆಗೆ ಹೊಂದುವುದಿಲ್ಲ.

_ಕನ್ನಡ_ದಲ್ಲಿ
*ಕನ್ನಡ*ದಲ್ಲಿ

ಇವುಗಳಲ್ಲಿ ಎರಡನೆಯದು ಮಾತ್ರ ಕಾಮನ್‌ಮಾರ್ಕ್‌ನಲ್ಲಿ ಓರೆ ಅಕ್ಷರವಾಗುತ್ತದೆ. ಮೊದಲನೆಯದು ಅಡಿಗೆರೆಗಳ ಸಮೇತ ಹಾಗೆಯೇ ಉಳಿಯುತ್ತದೆ. ಕ್ರಮವಿಧಿಗಳಲ್ಲಿ ಬಳಸುವ ಹೆಸರುಗಳ ನಡುವೆ ಅಡಿಗೆರೆ ಬರುವುದರಿಂದ, ಪದದ ಒಳಗಿನ ಅಡಿಗೆರೆಯನ್ನು ಒತ್ತಿನ ಗುರುತೆಂದು ಪರಿಗಣಿಸಬಾರದೆಂಬ ನಿಯಮ ಬಂದಿದೆ. ಪ್ರತ್ಯಯ ಹತ್ತಿದ ಕನ್ನಡ ಪದ ಈ ನಿಯಮದ ಬಾಯಿಗೆ ಸಿಕ್ಕಿಬೀಳುತ್ತದೆ. ಕನ್ನಡದಲ್ಲಿ ಬರೆಯುವಾಗ ಅಡಿಗೆರೆಯನ್ನು ಬಿಟ್ಟು ನಕ್ಷತ್ರವನ್ನೇ ಬಳಸುವುದು ಕ್ಷೇಮ.

ನಕ್ಷತ್ರವೂ ಒಂದು ಕಡೆ ಕೈಕೊಡುತ್ತದೆ. ಉದ್ಧರಣ ಚಿಹ್ನೆಯನ್ನು ಒಳಗಿಟ್ಟುಕೊಂಡು ಪ್ರತ್ಯಯ ಸೇರಿಸಿದರೆ, ಎಂದರೆ **“ಅಭಿಮತ”**ವನ್ನು ಎಂದು ಬರೆದರೆ, ದಪ್ಪಕ್ಷರ ಬರುವುದಿಲ್ಲ. ಹಿಂದೆ ವಿರಾಮಚಿಹ್ನೆ, ಮುಂದೆ ಅಕ್ಷರ ಇರುವ ನಕ್ಷತ್ರವನ್ನು ಕಾಮನ್‌ಮಾರ್ಕ್ ಮುಕ್ತಾಯದ ಗುರುತೆಂದು ಒಪ್ಪುವುದಿಲ್ಲ. ಪದಗಳ ನಡುವೆ ಜಾಗ ಬಿಡದ ಚೀನೀ, ಜಪಾನೀ ಬರಹಗಳಲ್ಲಿಯೂ ಇದೇ ತೊಂದರೆಯಿದೆ. ನಕ್ಷತ್ರಗಳನ್ನು ಉದ್ಧರಣ ಚಿಹ್ನೆಯ ಒಳಗೆ ಸರಿಸಿ “**ಅಭಿಮತ**”ವನ್ನು ಎಂದು ಬರೆದರೆ ಸರಿಯಾಗುತ್ತದೆ.

ಪದದ ಒಂದು ಭಾಗಕ್ಕೆ ಮಾತ್ರ ಒತ್ತು ಕೊಡುವಾಗ ಗುರುತು ಅಕ್ಷರದ ನಡುವೆ ಬೀಳದಂತೆ ನೋಡಿಕೊಳ್ಳಬೇಕು. ವ್ಯಂಜನಕ್ಕೂ ಅದರ ಸ್ವರಚಿಹ್ನೆಗೂ ನಡುವೆ ನಕ್ಷತ್ರ ಬಂದರೆ ಗುಣಿತಾಕ್ಷರ ಒಡೆದು, ಆಧಾರ ಕಳೆದುಕೊಂಡ ಸ್ವರಚಿಹ್ನೆ ಚುಕ್ಕಿಗಳ ವೃತ್ತದೊಡನೆ ಕಾಣಿಸಿಕೊಳ್ಳುವುದುಂಟು. ವ್ಯಾಕರಣದ ಪಾಠಗಳಲ್ಲಿ ಪ್ರಕೃತಿ ಪ್ರತ್ಯಯಗಳನ್ನು ಬಿಡಿಸಿ ತೋರಿಸುವವರಿಗೆ ಈ ಎಚ್ಚರ ವಿಶೇಷವಾಗಿ ಅಗತ್ಯ.

ಸಂಖ್ಯಾಪಟ್ಟಿಗೆ 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ನಿಯಮಾವಳಿ ಮಾನ್ಯಮಾಡುತ್ತದೆ. ೧. ೨. ೩. ಎಂದು ಕನ್ನಡ ಅಂಕಿಗಳಲ್ಲಿ ಸಾಲಾಗಿ ಬರೆದರೆ ಪಟ್ಟಿಯಾಗುವ ಬದಲು ಎಲ್ಲವೂ ಒಂದೇ ಪರಿಚ್ಛೇದವಾಗಿ ಕೂಡಿಕೊಳ್ಳುತ್ತವೆ. ಅ, ಆ, ಇ ಎಂಬ ಅಕ್ಷರಾನುಕ್ರಮಕ್ಕೂ ಇದೇ ಗತಿ. ಪ್ರತಿ ಅಂಶದ ನಡುವೆ ಖಾಲಿ ಸಾಲು ಬಿಟ್ಟು ಬೇರೆ ಬೇರೆ ಪರಿಚ್ಛೇದಗಳನ್ನಾಗಿ ಮಾಡುವುದೊಂದೇ ಎಲ್ಲ ಕಡೆಯೂ ನಡೆಯುವ ಪರಿಹಾರ.

ಓರೆ ಅಕ್ಷರ ಮೂಲತಃ ಲ್ಯಾಟಿನ್ ಲಿಪಿಯ ಮುದ್ರಣ ಸಂಪ್ರದಾಯ. ಕನ್ನಡದ ಅನೇಕ ಅಕ್ಷರಶೈಲಿಗಳಲ್ಲಿ ಪ್ರತ್ಯೇಕ ಓರೆ ರೂಪವಿಲ್ಲದಿರುವುದರಿಂದ ಜಾಲವೀಕ್ಷಕವು ನೇರ ಅಕ್ಷರಗಳನ್ನೇ ಯಾಂತ್ರಿಕವಾಗಿ ಬಾಗಿಸಿ ತೋರಿಸುತ್ತದೆ. ದುಂಡು ಅಕ್ಷರಗಳು ಹಾಗೆ ಬಾಗಿದಾಗ ಓದಲು ಹಿತವೆನಿಸುವುದಿಲ್ಲ. ಒತ್ತು ಬೇಕಾದಲ್ಲಿ ದಪ್ಪಕ್ಷರವನ್ನೂ ಕೃತಿಗಳ ಹೆಸರಿಗೆ ಉದ್ಧರಣ ಚಿಹ್ನೆಯನ್ನೂ ಬಳಸುವುದು ಕನ್ನಡಕ್ಕೆ ಒಗ್ಗುವ ಕ್ರಮ.

ಕೀಲಿಮಣೆಯ ಒಂದು ಅಡಚಣೆಯನ್ನೂ ಇಲ್ಲಿ ಹೇಳಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ನಕ್ಷತ್ರ ಚಿಹ್ನೆಯ ಕೀಲಿ ‘ಶ್ರ’ ಅಕ್ಷರವನ್ನು ಮೂಡಿಸುತ್ತದೆ, ಅಡಿಗೆರೆಯ ಕೀಲಿ ವಿಸರ್ಗವನ್ನು ಮೂಡಿಸುತ್ತದೆ. ಆದ್ದರಿಂದ ಗುರುತು ಹಾಕಬೇಕಾದಾಗಲೆಲ್ಲ ಇಂಗ್ಲಿಷ್ ವಿನ್ಯಾಸಕ್ಕೆ ಹೋಗಿ ಮರಳಬೇಕಾಗುತ್ತದೆ.

ಸುರಕ್ಷತೆ

ಮಾರ್ಕ್‌ಡೌನ್‌ಗೆ ಹೇಳಲಾಗದ್ದನ್ನು ನೇರವಾಗಿ ಎಚ್‌ಟಿಎಂಎಲ್‌ನಲ್ಲಿ ಬರೆಯಲು ಮೂಲ ವಿನ್ಯಾಸ ಅವಕಾಶ ಕೊಡುತ್ತದೆ. ಸ್ವಂತ ತಾಣದಲ್ಲಿ ತಾನೇ ಬರೆಯುವವರಿಗೆ ಇದು ಅನುಕೂಲ. ಅಪರಿಚಿತರು ಬಂದು ಬರೆಯುವ ತಾಣದಲ್ಲಿ ಇದೇ ಅಪಾಯ: ಟಿಪ್ಪಣಿಯೊಳಗೆ ಕ್ರಮವಿಧಿಯೊಂದನ್ನು ಹುದುಗಿಸಿ, ಪುಟ ತೆರೆದ ಇತರ ಓದುಗರ ಜಾಲವೀಕ್ಷಕದಲ್ಲಿ ಅದು ನಡೆಯುವಂತೆ ಮಾಡಬಹುದು. ಕೊಂಡಿಯ ವಿಳಾಸದ ಜಾಗದಲ್ಲಿ ಜಾವಾಸ್ಕ್ರಿಪ್ಟ್ ಬರೆದರೂ ಅದೇ ಪರಿಣಾಮ. ಮೂಲಪಠ್ಯವನ್ನು ಮೊದಲೇ ಶೋಧಿಸಿ ಆಮೇಲೆ ಪರಿವರ್ತಿಸಿದರೆ ಸಾಲದು. ಪರಿವರ್ತನೆಯ ಹಂತದಲ್ಲಿಯೇ ಅಪಾಯಕಾರಿ ಅಂಶಗಳು ಹೊಸದಾಗಿ ಮೂಡಬಹುದು. ಆದುದರಿಂದ ಪರಿವರ್ತನೆಯಾಗಿ ಬಂದ ಎಚ್‌ಟಿಎಂಎಲ್ ಅನ್ನೇ ಶೋಧಿಸಿ, ಅನುಮತಿಸಿದ ಅಂಶಗಳನ್ನು ಮಾತ್ರ ಉಳಿಸಿಕೊಳ್ಳಬೇಕು.

ಬಳಕೆ

ರೆಡ್ಡಿಟ್, ಸ್ಟ್ಯಾಕ್ ಓವರ್‌ಫ್ಲೋ ಮತ್ತು ಗಿಟ್‌ಹಬ್ ಮಾರ್ಕ್‌ಡೌನನ್ನು ಅಳವಡಿಸಿಕೊಂಡದ್ದರಿಂದ ಅದು ತಂತ್ರಜ್ಞರ ನಡುವೆ ಹರಡಿತು. ದತ್ತಾಂಶ ವಿಶ್ಲೇಷಣೆಗೆ ಬಳಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ವಿವರಣೆಯ ಭಾಗಗಳನ್ನು ಬರೆಯುವುದು ಇದರಲ್ಲಿಯೇ. ವಿಕಿಪೀಡಿಯ ಮಾತ್ರ ಇದನ್ನು ಬಳಸುವುದಿಲ್ಲ. ಇಲ್ಲಿನ ಲೇಖನಗಳ ವಿಕಿಪಠ್ಯ ಮಾರ್ಕ್‌ಡೌನ್‌ಗಿಂತ ಹಳೆಯದಾಗಿದ್ದು, ಅದರಲ್ಲಿ ಶೀರ್ಷಿಕೆಗೆ ಸಮಚಿಹ್ನೆಗಳನ್ನೂ ಒತ್ತಿಗೆ ಮೇಲ್ಕೊಮಾಗಳನ್ನೂ ಬಳಸಲಾಗುತ್ತದೆ. ಬೇರೆಡೆ ಮಾರ್ಕ್‌ಡೌನ್ ರೂಢಿಯಾದವರು ಇಲ್ಲಿ ಹ್ಯಾಶ್ ಹಾಕಿ ಶೀರ್ಷಿಕೆ ಬರೆಯಲು ಹೋದರೆ ಆ ಸಾಲು ಸಂಖ್ಯಾಪಟ್ಟಿಯ ಅಂಶವಾಗಿಬಿಡುತ್ತದೆ. ಈಚೆಗೆ ಸಂಭಾಷಣೆಯ ಕೃತಕ ಬುದ್ಧಿಮತ್ತೆ ತಂತ್ರಾಂಶಗಳೂ ತಮ್ಮ ಉತ್ತರಗಳನ್ನು ಸಾಮಾನ್ಯವಾಗಿ ಮಾರ್ಕ್‌ಡೌನ್‌ನಲ್ಲಿಯೇ ನೀಡುತ್ತವೆ. ಅಂತಹ ಪಠ್ಯವನ್ನು ಪರಿವರ್ತಕವಿಲ್ಲದ ಕಡೆಗೆ ನಕಲು ಮಾಡಿದಾಗ ಹ್ಯಾಶ್ ಮತ್ತು ಜೋಡಿ ನಕ್ಷತ್ರಗಳು ಹಾಗೆಯೇ ಉಳಿದು, ಮಾರ್ಕ್‌ಡೌನ್ ಎಂಬ ಹೆಸರನ್ನೇ ಕೇಳದವರ ಓದಿಗೂ ಅವು ಬರತೊಡಗಿವೆ.